‘ಮನೆಮಗಳ ಹಾಗೆ’ ಎಂಬ ಮಾತಿನ ಲೆಕ್ಕ

ವಿದೇಶದಲ್ಲಿ ಯಾರದೋ ಮನೆಯಲ್ಲಿ ಆರು ತಿಂಗಳೋ ಒಂದು ವರ್ಷವೋ ಇದ್ದು ಬಂದವರ ಬರಹಗಳನ್ನು ನೀವೂ ಓದಿರುತ್ತೀರಿ. ಡಿಗ್ರಿ ಮುಗಿದ ಮೇಲೆ, ಕೆಲಸಕ್ಕೆ ಸೇರುವ ಮುಂಚೆ, ಒಂದು ವರ್ಷ ಬಿಡುವು ಮಾಡಿಕೊಂಡು ಹೋದವರು ಇವರು. ಜರ್ಮನಿಯ ಹಳ್ಳಿಯಿರಲಿ, ಅಮೆರಿಕದ ಸಣ್ಣ ಊರಿರಲಿ, ಇಂಥ ಬರಹಗಳಲ್ಲಿ ಕೆಲವು ಸಂಗತಿಗಳು ತಪ್ಪುವುದಿಲ್ಲ: ಮೊದಲ ಸಲ ಕಂಡ ಹಿಮ, ಮನೆಯವರಿಗೆ ಚಿತ್ರಾನ್ನ ಮಾಡಿ ಬಡಿಸಿದ ಭಾನುವಾರ, ಹೊರಡುವ ದಿನದ ಕಣ್ಣೀರು. ಇವುಗಳ ನಡುವೆ ಒಂದು ವಾಕ್ಯ ಬಂದೇ ಬರುತ್ತದೆ: ‘ಅವರು ನನ್ನನ್ನು ಮನೆಮಗಳ ಹಾಗೆ ನೋಡಿಕೊಂಡರು.’ ಬರೆದವನು ಹುಡುಗನಾದರೆ, ಮನೆಮಗನ ಹಾಗೆ.

ಈ ವಾಕ್ಯ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಸಲ ಅದು ಮನಸ್ಸಿನಿಂದಲೇ ಬಂದಿರುತ್ತದೆ. ನನ್ನ ತಕರಾರು ಬೇರೆ. ಆ ವಾಕ್ಯ ಬಂದ ಕೂಡಲೇ ಬರಹ ಸುತ್ತ ನೋಡುವುದನ್ನು ನಿಲ್ಲಿಸಿಬಿಡುತ್ತದೆ. ಅಲ್ಲಿಂದ ಮುಂದೆ ಓದುಗನಿಗೆ ಸಿಗುವುದು ಕೃತಜ್ಞತೆ ಮಾತ್ರ. ಆ ಮನೆ ಹೇಗಿತ್ತು, ಅಲ್ಲಿ ಯಾರು ಏನು ಮಾಡುತ್ತಿದ್ದರು, ಬರೆದವಳು ಅಲ್ಲಿ ಎಲ್ಲಿ ಕೂರುತ್ತಿದ್ದಳು ಎಂಬುದು ಸಿಗುವುದಿಲ್ಲ.

‘ಹಾಗೆ’ ಎಂಬ ಸಣ್ಣ ಪದದ ಕೆಲಸವನ್ನು ಗಮನಿಸಿ. ನಿಜವಾದ ಮನೆಮಗಳನ್ನು ಯಾರೂ ಮನೆಮಗಳ ಹಾಗೆ ನೋಡಿಕೊಳ್ಳುವುದಿಲ್ಲ. ಅವಳು ಸಿಟ್ಟು ಬಂದರೆ ಬಾಗಿಲು ಬಡಿಯುತ್ತಾಳೆ, ಸಾರು ಚೆನ್ನಾಗಿಲ್ಲ ಅನ್ನುತ್ತಾಳೆ, ರಜೆಯ ದಿನ ಹತ್ತು ಗಂಟೆಯವರೆಗೆ ಮಲಗುತ್ತಾಳೆ, ಫ್ರಿಜ್ ತೆರೆಯಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಯಾರ ಮೆಚ್ಚುಗೆಯನ್ನೂ ಅವಳು ದಿನಾ ಗಳಿಸಬೇಕಾಗಿಲ್ಲ. ‘ಹಾಗೆ’ ಎಂದಾಗ ಈ ಹಕ್ಕುಗಳಲ್ಲಿ ಯಾವುದು ಬಂತು, ಯಾವುದು ಬರಲಿಲ್ಲ? ಈ ಪ್ರಶ್ನೆ ಹಿಡಿದು ಈ ಲೇಖನದಲ್ಲಿ ಮೂರು ಕಡೆ ಹೋಗಿಬರುತ್ತೇನೆ: ಜಮೈಕಾ ಕಿನ್ಕೇಡ್ ಅವರ ಕಾದಂಬರಿ ‘ಲೂಸಿ’, ರವೀಂದ್ರನಾಥ ಟಾಗೋರರ ‘ಜೀವನಸ್ಮೃತಿ’ಯ ಲಂಡನ್ ಪುಟಗಳು, ಮತ್ತು ನಮ್ಮದೇ ವಾರಾನ್ನ. ಅದಕ್ಕೆ ಮುಂಚೆ ಈ ವ್ಯವಸ್ಥೆ ಎಲ್ಲಿಂದ ಬಂತು ಎಂದು ಸ್ವಲ್ಪ ನೋಡೋಣ.

ಪರಿಚಯವಿಲ್ಲದವರ ಮನೆಯಲ್ಲಿ ಇದ್ದು ಅವರ ನಾಡನ್ನು ಕಲಿಯುವುದನ್ನು ಒಂದು ಕ್ರಮಬದ್ಧ ಕಾರ್ಯಕ್ರಮವಾಗಿ ರೂಪಿಸಿದ ಮೊದಲಿಗರಲ್ಲಿ ಅಮೆರಿಕದ ಡೊನಾಲ್ಡ್ ವ್ಯಾಟ್ ಒಬ್ಬರು. 1932ರಲ್ಲಿ ಅವರು ‘ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್’ ಆರಂಭಿಸಿದರು. ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಆಂಬುಲೆನ್ಸ್ ಸ್ವಯಂಸೇವಕರ ಸಂಸ್ಥೆ 1947ರಲ್ಲಿ ಶಾಲಾ ವಿದ್ಯಾರ್ಥಿಗಳ ವಿನಿಮಯಕ್ಕೆ ಕೈಹಾಕಿತು. ಇಂದು ನಮ್ಮ ನಗರಗಳ ಶಾಲೆಗಳಿಗೂ ಪರಿಚಯವಿರುವ ಎಎಫ್‌ಎಸ್ ಅದೇ. ಒಬ್ಬರ ಮಕ್ಕಳು ಇನ್ನೊಬ್ಬರ ಅಡುಗೆಮನೆಯಲ್ಲಿ ಉಂಡು ಬೆಳೆದರೆ ದ್ವೇಷ ಅಷ್ಟು ಸುಲಭವಾಗಿ ಹುಟ್ಟಲಾರದು ಎಂಬ ನಂಬಿಕೆ ಇದರ ಹಿಂದಿತ್ತು. ಅದು ದೊಡ್ಡ ನಂಬಿಕೆ. ಅದನ್ನು ಹಗುರವಾಗಿ ಕಾಣಬಾರದು.

ಇದರ ಪಕ್ಕದಲ್ಲೇ ಇನ್ನೊಂದು ದಾರಿ ಇದೆ: ‘ಓ ಪೇರ್’. ಫ್ರೆಂಚಿನಲ್ಲಿ ಇದಕ್ಕೆ ಸರಿಸಮ ಎಂಬ ಅರ್ಥ. ಯುವತಿಯೋ ಯುವಕನೋ ಬೇರೆ ದೇಶದ ಮನೆಯೊಂದರಲ್ಲಿ ಇದ್ದು, ಅಲ್ಲಿನ ಮಕ್ಕಳನ್ನು ನೋಡಿಕೊಂಡು, ಅದಕ್ಕೆ ಬದಲಾಗಿ ಊಟ, ಕೋಣೆ, ಕೈಖರ್ಚು ಪಡೆದು ಭಾಷೆ ಕಲಿಯುವ ಏರ್ಪಾಡು. ಕೈಯಲ್ಲಿ ದುಡ್ಡಿಲ್ಲದೆ ಹೊರನಾಡು ನೋಡಬೇಕು ಅನ್ನುವವರಿಗೆ ಗ್ಯಾಪ್ ಇಯರ್ ಎಂದರೆ ಬಹಳ ಸಲ ಇದೇ. 1969ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದಕ್ಕಾಗಿ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಒಪ್ಪಂದವನ್ನೇ ಮಾಡಿತು. ದಿನಕ್ಕೆ ಸಾಮಾನ್ಯವಾಗಿ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು, ವಾರಕ್ಕೆ ಒಂದು ಪೂರ್ತಿ ದಿನ ಬಿಡುವು ಕೊಡಬೇಕು ಎಂದು ಅದರಲ್ಲಿದೆ. ಅದೇ ಒಪ್ಪಂದ ಇನ್ನೊಂದು ಮಾತನ್ನೂ ಹೇಳುತ್ತದೆ: ಹೀಗೆ ಇರುವವರು ವಿದ್ಯಾರ್ಥಿಯೂ ಅಲ್ಲ, ಕಾರ್ಮಿಕರೂ ಅಲ್ಲ, ಎರಡರ ಗುಣವೂ ಇರುವ ಬೇರೆಯೇ ಒಂದು ವರ್ಗ. ಕಾದಂಬರಿಕಾರರಿಗೆ ಕಾನೂನು ಇದಕ್ಕಿಂತ ಒಳ್ಳೆಯ ಪಾತ್ರವನ್ನು ಕೊಟ್ಟೀತೇ?

ಅಮೆರಿಕದಲ್ಲಿ ಈ ಕಾರ್ಯಕ್ರಮ ಶುರುವಾದದ್ದು 1986ರಲ್ಲಿ. ಅಲ್ಲಿ ವಾರಕ್ಕೆ 45 ಗಂಟೆಯವರೆಗೆ ಮಕ್ಕಳನ್ನು ನೋಡಿಕೊಳ್ಳಬೇಕಾಗಬಹುದು. ವರ್ಷಗಟ್ಟಲೆ ನಡೆದು ಬಂದ ಕನಿಷ್ಠ ಕೈಖರ್ಚು ವಾರಕ್ಕೆ 195 ಡಾಲರ್ 75 ಸೆಂಟ್. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಎಂದು ಬಿಡಿಸಿ ನೋಡಬೇಕು. ಗಂಟೆಗೆ 7.25 ಡಾಲರ್ ಎಂಬ ಕೇಂದ್ರ ಕನಿಷ್ಠ ಕೂಲಿಯನ್ನು 45ರಿಂದ ಗುಣಿಸಿದರೆ 326.25. ಅದರಲ್ಲಿ ಊಟ ಮತ್ತು ಕೋಣೆಗೆಂದು ನೂರಕ್ಕೆ 40 ಕಳೆದರೆ ಉಳಿಯುವುದು ಇಷ್ಟು. ನಿಯಮದ ಪ್ರಕಾರ ಆಕೆ ಕುಟುಂಬದ ಸದಸ್ಯೆಯಂತೆ ಇರಬೇಕು. ಅದೇ ಲೆಕ್ಕದಲ್ಲಿ ಅವಳ ಅನ್ನ ಮತ್ತು ಹಾಸಿಗೆಯ ಬೆಲೆಯನ್ನು ಹಿಡಿದುಕೊಂಡಿದ್ದಾರೆ. ಒಂದೇ ಹಾಳೆಯ ಮೇಲೆ ‘ಮನೆಮಗಳು’ ಮತ್ತು ‘ಕೂಲಿ’ ಎರಡೂ ಇವೆ. ಈ ಮಾತಿನ ಮೇಲೆ ನ್ಯಾಯಾಲಯದಲ್ಲಿ ಜಗಳವೂ ಆಯಿತು. ಕೂಲಿಯನ್ನು ಕೂಡಿ ಮಾತಾಡಿಕೊಂಡು ಕೆಳಗಿಟ್ಟಿದ್ದಾರೆ ಎಂದು ಓ ಪೇರ್‌ಗಳು ಏಜೆನ್ಸಿಗಳ ಮೇಲೆ ಹೂಡಿದ ಮೊಕದ್ದಮೆ 2019ರಲ್ಲಿ 6.55 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ನಾರ್ವೆ 2024ರಲ್ಲಿ ಈ ಯೋಜನೆಯನ್ನೇ ಕೈಬಿಟ್ಟಿತು.

ಸಾಹಿತ್ಯ ವಿಮರ್ಶೆಯಲ್ಲಿ ಕೂಲಿಯ ಲೆಕ್ಕ ಯಾಕೆ ಎಂದು ಕೇಳಬಹುದು. ‘ಕುಟುಂಬ’ ಎಂಬ ಮಾತು ಇಲ್ಲಿ ಭಾವನೆಯ ಮಾತಾಗಿ ಮಾತ್ರ ಉಳಿದಿಲ್ಲ, ಅದಕ್ಕಾಗಿ. ಅದಕ್ಕೆ ಒಂದು ಕೆಲಸವಿದೆ, ಒಂದು ದರವಿದೆ. ಇದನ್ನು ಮೊದಲು ಸರಿಯಾಗಿ ಕಂಡವರಲ್ಲಿ ಒಬ್ಬಳು ಕಾದಂಬರಿಗಾರ್ತಿ.

ಜಮೈಕಾ ಕಿನ್ಕೇಡ್ ಹುಟ್ಟಿದ್ದು ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ, 1949ರಲ್ಲಿ. ಹದಿಹರೆಯದಲ್ಲೇ ನ್ಯೂಯಾರ್ಕ್ ಪ್ರಾಂತಕ್ಕೆ ಬಂದು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದರು. 1990ರಲ್ಲಿ ಬಂದ ‘ಲೂಸಿ’ಯ ನಾಯಕಿಗೆ ಹತ್ತೊಂಬತ್ತು ವರ್ಷ. ಲೂಯಿಸ್ ಮತ್ತು ಮರಾಯಾ ಎಂಬ ಶ್ರೀಮಂತ ದಂಪತಿಯ ನಾಲ್ಕು ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ದೊಡ್ಡ ಊರೊಂದಕ್ಕೆ ಬರುತ್ತಾಳೆ. ಹಗಲು ಮಕ್ಕಳು, ಸಂಜೆ ನರ್ಸಿಂಗ್ ತರಗತಿ.

ಮೊದಲ ಅಧ್ಯಾಯದಲ್ಲೇ ಅವಳ ಕೋಣೆ ಬರುತ್ತದೆ. ಅಡುಗೆಮನೆಯ ಮಗ್ಗುಲಿನ ಆ ಸಣ್ಣ ಕೋಣೆ ಅವಳಿಗೆ ದೂರದೂರಿಗೆ ಸರಕು ಕಳಿಸುವ ಪೆಟ್ಟಿಗೆಯಂತೆ ಕಾಣುತ್ತದೆ. ಯಾರೂ ಅವಳಿಗೆ ಕೆಟ್ಟದ್ದು ಮಾಡಿಲ್ಲ. ಕೋಣೆ ಚೊಕ್ಕಟವಾಗಿದೆ, ಊಟ ಧಾರಾಳವಾಗಿದೆ, ಮಾತು ಮೃದುವಾಗಿದೆ. ಆದರೂ ಲೂಯಿಸ್ ಅವಳಿಗೆ ಒಂದು ಅಡ್ಡಹೆಸರು ಇಡುತ್ತಾನೆ. ಅವಳು ಮನೆಯವರ ಜತೆ ಬೆರೆಯುತ್ತಿಲ್ಲ, ಯಾರೋ ದಾರಿಹೋಕಳು ಒಂದು ಗಳಿಗೆ ಬಂದು ಕೂತ ಹಾಗೆ ಇದ್ದಾಳೆ ಎಂಬುದು ಅವರ ಬೇಸರ. ಹಾಗಾಗಿ ಅವಳು ‘ಪಾಪ, ಅತಿಥಿ’. ಅವರು ಕೊಟ್ಟದ್ದನ್ನೆಲ್ಲ ತೆಗೆದುಕೊಂಡು, ಅದರ ಮೇಲೆ ಸಂತೋಷವನ್ನೂ ತೋರಿಸಬೇಕಾಗಿದೆ. ಗಂಟೆಗಳ ಲೆಕ್ಕದಲ್ಲಿ ಬರೆಯದ ಕೆಲಸ ಇದು. ಕಿನ್ಕೇಡ್ ಇದನ್ನು ಎಲ್ಲೂ ವಿವರಿಸಿ ಹೇಳುವುದಿಲ್ಲ. ಊಟದ ಮೇಜಿನ ಸುತ್ತ ಯಾರು ಯಾರನ್ನು ಹೇಗೆ ನೋಡುತ್ತಿದ್ದಾರೆ ಎಂದು ಮಾತ್ರ ತೋರಿಸುತ್ತಾರೆ.

ಮರಾಯಾ ಈ ಕಾದಂಬರಿಯ ದೊಡ್ಡ ಸಾಧನೆ. ಅವಳನ್ನು ಕೆಟ್ಟ ಯಜಮಾನಿಯಾಗಿ ಬರೆದಿದ್ದರೆ ಪುಸ್ತಕ ಬಹಳ ಸುಲಭವಾಗುತ್ತಿತ್ತು. ಅವಳು ನಿಜಕ್ಕೂ ಪ್ರೀತಿಸುತ್ತಾಳೆ, ತನ್ನದನ್ನೆಲ್ಲ ಹಂಚಿಕೊಳ್ಳಬೇಕೆಂದು ಹಂಬಲಿಸುತ್ತಾಳೆ. ವಸಂತದಲ್ಲಿ ಡ್ಯಾಫೊಡಿಲ್ ಹೂಗಳ ಬಯಲಿಗೆ ಲೂಸಿಯ ಕಣ್ಣು ಮುಚ್ಚಿಸಿ ಕರೆದುಕೊಂಡು ಹೋಗುತ್ತಾಳೆ. ಲೂಸಿಗೆ ಆ ಹೂ ಗೊತ್ತು, ಕಂಡಿರಲಿಲ್ಲ ಅಷ್ಟೇ. ಬ್ರಿಟಿಷರ ಶಾಲೆಯಲ್ಲಿ ಹತ್ತು ವರ್ಷದವಳಿದ್ದಾಗ ಆ ಹೂವಿನ ಮೇಲಿನ ಪದ್ಯವನ್ನು ಬಾಯಿಪಾಠ ಮಾಡಿ ಎಲ್ಲರ ಮುಂದೆ ಒಪ್ಪಿಸಿದ್ದಳು. ಈಗ ಹೂಗಳನ್ನು ಕಂಡಾಗ ಕುಡುಗೋಲು ತೆಗೆದುಕೊಂಡು ಕತ್ತರಿಸಿಹಾಕಬೇಕು ಅನ್ನಿಸುತ್ತದೆ. ವರ್ಡ್ಸ್‌ವರ್ತ್‌ನನ್ನು ಬಾಯಿಪಾಠ ಮಾಡಿದ ನಮ್ಮಲ್ಲಿ ಅನೇಕರಿಗೆ ಈ ಸಿಟ್ಟು ಅರ್ಥವಾಗುತ್ತದೆ. ಆದರೆ ಮರಾಯಾಳ ಮುಖವನ್ನೂ ನೋಡಿ: ಒಂದು ಉಡುಗೊರೆ ಕೊಟ್ಟೆ ಅಂದುಕೊಂಡವಳ ಮುಂದೆ ಒಂದು ಇಡೀ ಸಾಮ್ರಾಜ್ಯದ ಲೆಕ್ಕ ಬಂದು ನಿಂತಿದೆ. ಇಬ್ಬರಲ್ಲಿ ಯಾರದೂ ತಪ್ಪಲ್ಲ. ಇಬ್ಬರೂ ಸರಿಸಮರಲ್ಲ, ಅಷ್ಟೇ.

ಇನ್ನೊಂದು ಕಡೆ, ರೈಲಿನ ಊಟದ ಬೋಗಿಯಲ್ಲಿ ಲೂಸಿ ಸುತ್ತ ನೋಡುತ್ತಾಳೆ. ಉಣ್ಣಲು ಕೂತವರು ಮರಾಯಾಳ ನೆಂಟರ ಹಾಗಿದ್ದಾರೆ, ಬಡಿಸುವವರು ತನ್ನ ನೆಂಟರ ಹಾಗಿದ್ದಾರೆ. ಮರಾಯಾಳಿಗೆ ಇದು ಕಾಣುವುದೇ ಇಲ್ಲ. ಇಲ್ಲೂ ‘ಹಾಗೆ’ ಇದೆ. ಲೂಸಿ ಒಂದು ಕುಟುಂಬದ ಜತೆ ಕೂತು ಉಣ್ಣುತ್ತಿದ್ದಾಳೆ, ಅವಳನ್ನು ಹೋಲುವವರು ತಟ್ಟೆ ಎತ್ತುತ್ತಿದ್ದಾರೆ. ಅವಳು ಎಲ್ಲಿಗೆ ಸೇರಿದವಳು ಎಂಬುದನ್ನು ಒಂದು ಬೋಗಿಯೊಳಗೆ ತೋರಿಸಿಬಿಡುವ ಈ ಭಾಗದಿಂದ ನಮ್ಮ ಪ್ರವಾಸ ಬರಹಗಾರರು ಕಲಿಯುವುದು ಬಹಳವಿದೆ.

ಕೊನೆಗೆ ಲೂಸಿ ಆ ಮನೆ ಬಿಡುತ್ತಾಳೆ, ಗೆಳತಿಯೊಬ್ಬಳ ಜತೆ ಬೇರೆ ಮನೆ ಹಿಡಿಯುತ್ತಾಳೆ. ಅಷ್ಟರಲ್ಲಿ ಆ ಆದರ್ಶ ಕುಟುಂಬವೇ ಒಡೆದಿದೆ. ಗಂಡ ಹೆಂಡತಿಯ ಗೆಳತಿಯ ಕಡೆ ಹೊರಳಿದ್ದಾನೆ. ಹತ್ತಿರದಿಂದ ಕಂಡ ಅತಿಥಿಗೆ ಅದು ಮನೆಯವರಿಗಿಂತ ಮುಂಚೆಯೇ ಗೊತ್ತಾಗಿತ್ತು. ಪರರ ಮನೆಯಲ್ಲಿ ಒಂದು ವರ್ಷ ಇದ್ದವರಿಗೆ ಸಿಗುವ ಜ್ಞಾನ ಇದು. ಕೃತಜ್ಞತೆಯ ಬರಹಗಳು ಇದನ್ನು ಅಡಗಿಸಿಡುತ್ತವೆ.

ಹಾಗಾದರೆ ಒಳ್ಳೆಯ ಬರಹವೆಲ್ಲ ಕಹಿಯಾಗಿಯೇ ಇರಬೇಕೇ? ಟಾಗೋರರ ಪುಟಗಳು ಬೇಕಾಗುವುದು ಈ ಪ್ರಶ್ನೆಗೆ.

1878ರಲ್ಲಿ ಹದಿನೇಳರ ಹುಡುಗ ರವೀಂದ್ರನಾಥ ಇಂಗ್ಲೆಂಡಿಗೆ ಹೋದರು. ಉದ್ದೇಶ ಕಾನೂನು ಓದುವುದು. 1880ರಲ್ಲಿ ಯಾವ ಡಿಗ್ರಿಯೂ ಇಲ್ಲದೆ ಮರಳಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದೂವರೆ ವರ್ಷದ ಗ್ಯಾಪ್ ಇಯರ್. ಅಲ್ಲಿಂದ ಬರೆದ ಪತ್ರಗಳು ‘ಭಾರತಿ’ ಪತ್ರಿಕೆಯಲ್ಲಿ ಅಚ್ಚಾಗಿ, 1881ರಲ್ಲಿ ‘ಯೂರೋಪ್ ಪ್ರವಾಸೀರ್ ಪತ್ರ’ ಎಂಬ ಪುಸ್ತಕವಾದವು. ಅದೇ ದಿನಗಳನ್ನು ಮತ್ತೆ ಬರೆದದ್ದು ‘ಜೀವನಸ್ಮೃತಿ’ಯಲ್ಲಿ, 1912ರಲ್ಲಿ ಪ್ರಕಟವಾದಾಗ ಅವರಿಗೆ ಐವತ್ತು ದಾಟಿತ್ತು. ಆ ಹಳೆಯ ಪತ್ರಗಳು ಬರಿಯ ಹುಡುಗುತನದ ಜಂಭ, ಈಗ ಹಿಂದಕ್ಕೆ ಪಡೆಯುವಂತಿಲ್ಲ ಎಂದು ಇಲ್ಲಿ ಅವರೇ ಬೇಸರಪಡುತ್ತಾರೆ. ಪರರ ಮನೆಯಲ್ಲಿ ಕಳೆದ ದಿನಗಳು ಬರವಣಿಗೆಯಲ್ಲಿ ಹಣ್ಣಾಗಲು ಎಷ್ಟು ಹೊತ್ತು ಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಪುಟಗಳಲ್ಲಿ ಎರಡು ಮನೆಗಳಿವೆ. ಒಂದು, ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಬಾರ್ಕರ್ ಎಂಬ ಮೇಷ್ಟರ ಮನೆ. ಗಂಡ ಹೆಂಡತಿಗೆ ಸರಿಯಿಲ್ಲ. ಹೆಂಡತಿಗೆ ಒಂದು ಮುದ್ದಿನ ನಾಯಿ. ಹೆಂಡತಿಯ ಮೇಲಿನ ಸಿಟ್ಟನ್ನು ಗಂಡ ಆ ನಾಯಿಯ ಮೇಲೆ ತೀರಿಸುತ್ತಾನೆ. ಇಷ್ಟೇ ಸಾಕು, ಆ ಊಟದ ಮೇಜಿನಲ್ಲಿ ಹದಿನೇಳರ ಹುಡುಗನಿಗೆ ತುತ್ತು ಹೇಗೆ ಇಳಿದಿರಬೇಕು ಎಂದು ಗೊತ್ತಾಗುತ್ತದೆ.

ಇನ್ನೊಂದು ಡಾಕ್ಟರ್ ಸ್ಕಾಟ್ ಅವರ ಮನೆ. ಪೆಟ್ಟಿಗೆ ಹಿಡಿದು ಹೋದ ದಿನ ಮನೆಯಲ್ಲಿದ್ದವರು ತಲೆ ನರೆತ ಡಾಕ್ಟರು, ಅವರ ಹೆಂಡತಿ, ಹಿರಿಯ ಮಗಳು ಮಾತ್ರ. ಭಾರತದ ಯಾರೋ ಬಂದು ಇರುತ್ತಾನಂತೆ ಎಂಬ ಭಯಕ್ಕೆ ಕಿರಿಯ ಇಬ್ಬರು ಹುಡುಗಿಯರು ನೆಂಟರ ಮನೆಗೆ ಓಡಿಹೋಗಿದ್ದರು. ಅಪಾಯವಿಲ್ಲ ಎಂಬ ಸುದ್ದಿ ತಲುಪಿದ ಮೇಲೆಯೇ ಬಹುಶಃ ಮರಳಿದರು ಎಂದು ಟಾಗೋರ್ ನಗುತ್ತಾ ನೆನೆಯುತ್ತಾರೆ. ಇದಾದ ಮೇಲೆ ಅವರೂ ಅದೇ ಮಾತನ್ನು ಹೇಳುತ್ತಾರೆ: ಸ್ವಲ್ಪ ದಿನದಲ್ಲೇ ಮನೆಯವರಲ್ಲಿ ಒಬ್ಬನಾದೆ, ಶ್ರೀಮತಿ ಸ್ಕಾಟ್ ಮಗನಂತೆ ಕಂಡರು.

ನಾವು ತಕರಾರು ತೆಗೆದ ವಾಕ್ಯವೇ ಇದು. ಇಲ್ಲಿ ಅದು ಯಾಕೆ ನಿಲ್ಲುತ್ತದೆ? ಅದಕ್ಕೆ ಮುಂಚೆ ಓಡಿಹೋದ ಇಬ್ಬರು ಹುಡುಗಿಯರಿದ್ದಾರೆ. ಅತಿಥಿಯನ್ನು ಕಂಡು ಮನೆಗೆ ಭಯವಿತ್ತು, ಆ ಭಯ ಒಂದು ದಿನ ಹೋಯಿತು ಎಂಬುದು ಕಾಣುತ್ತದೆ. ವಾಕ್ಯದ ಆಮೇಲೂ ಬರಹ ನೋಡುವುದನ್ನು ಬಿಡುವುದಿಲ್ಲ. ಸಂಜೆ ಗಂಡ ಬರುವ ಹೊತ್ತಿಗೆ ಶ್ರೀಮತಿ ಸ್ಕಾಟ್ ಬೆಂಕಿಯ ಬಳಿ ಅವರ ಕುರ್ಚಿ, ಚಪ್ಪಲಿ ಅಣಿ ಮಾಡಿಡುತ್ತಾರೆ. ಮಕ್ಕಳ ಜತೆ ಸೇರಿ ಮೇಜು ಅಲುಗಿಸುವ ಪ್ರೇತದಾಟ ನಡೆಯುತ್ತದೆ. ಕೈಗೆ ಸಿಕ್ಕಿದ್ದೆಲ್ಲ ಅಲುಗತೊಡಗಿ, ಒಮ್ಮೆ ಡಾಕ್ಟರ ಟೋಪಿಯ ಮೇಲೆ ಕೈಯಿಟ್ಟಾಗ ಆಕೆ ತಡೆಯುತ್ತಾರೆ. ಗಂಡನ ಟೋಪಿಗೆ ಸೈತಾನನ ಸೋಂಕು ಒಂದು ಕ್ಷಣವೂ ಬೇಡ. ಇಂಥ ಸಣ್ಣ ಸಂಗತಿಗಳಿಂದ ಟಾಗೋರ್ ಒಂದು ದೊಡ್ಡ ತೀರ್ಮಾನಕ್ಕೆ ಬರುತ್ತಾರೆ. ಪತಿಭಕ್ತಿ ಎಂಬುದು ನಮ್ಮ ದೇಶದ ಹೆಂಗಸರ ಸೊತ್ತು ಎಂದು ನಂಬಿ ಹೋಗಿದ್ದವರು, ಆ ಮನೆಯಲ್ಲಿ ಆ ನಂಬಿಕೆಯನ್ನು ಬಿಡುತ್ತಾರೆ. ಇವತ್ತಿನ ಓದುಗರು ಪತಿಭಕ್ತಿಯನ್ನೇ ಪ್ರಶ್ನಿಸಬಹುದು, ಪ್ರಶ್ನಿಸಲಿ. ಆದರೆ ಪರದೇಶದ ಒಂದು ಮನೆ ಅವರ ಸ್ವದೇಶದ ಜಂಭವನ್ನು ಒಂದಿಷ್ಟು ಇಳಿಸಿತು ಎಂಬುದನ್ನು ಗಮನಿಸಬೇಕು. ಹೊರಡುವಾಗ ಆಕೆ ಕೈ ಹಿಡಿದು ಅಳುತ್ತಾರೆ, ಇಷ್ಟು ಬೇಗ ಹೋಗುವುದಾದರೆ ಬಂದದ್ದಾದರೂ ಯಾಕೆ ಎನ್ನುತ್ತಾರೆ. ಆ ಮನೆ ಈಗ ಲಂಡನ್ನಿನಲ್ಲಿಲ್ಲ, ಕೆಲವರು ತೀರಿಕೊಂಡರು, ಕೆಲವರು ಎಲ್ಲಿದ್ದಾರೋ ತಿಳಿಯದು ಎಂದು ಟಾಗೋರ್ ಬರೆಯುತ್ತಾರೆ. ಆ ಕಣ್ಣೀರಿನ ತೂಕ ನಮಗೆ ತಿಳಿಯುವುದು ಇಷ್ಟನ್ನೆಲ್ಲ ನೋಡಿದ್ದರಿಂದ.

ಇದರ ಪಕ್ಕದಲ್ಲಿ ಗಾಂಧೀಜಿಯವರ ಆತ್ಮಕಥೆಯ ಒಂದು ಸಣ್ಣ ಪ್ರಸಂಗ ಇಡಬಹುದು. 1888ರಲ್ಲಿ ಲಂಡನ್ನಿಗೆ ಹೋದ ಅವರು ಒಬ್ಬ ವಿಧವೆಯ ಮನೆಯಲ್ಲಿ ಉಳಿದಿದ್ದರು. ಆಕೆಯ ಇಬ್ಬರು ಹೆಣ್ಣುಮಕ್ಕಳು ಇನ್ನೊಂದೆರಡು ತುಂಡು ಬ್ರೆಡ್ ತಿನ್ನಿ ಎಂದು ಒತ್ತಾಯಿಸುತ್ತಿದ್ದರು. ಇಡೀ ಬ್ರೆಡ್ ಕೊಟ್ಟರೂ ತುಂಬದ ಹಸಿವು ತನ್ನದು ಎಂದು ಆ ಹುಡುಗಿಯರಿಗೆ ಗೊತ್ತಿರಲಿಲ್ಲ, ಕೇಳಲು ಇವರಿಗೆ ಸಂಕೋಚ. ಪ್ರೀತಿಯೂ ನಿಜ, ಹಸಿವೂ ನಿಜ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟದ್ದರಿಂದ ಆ ಪ್ರಸಂಗ ನೆನಪಿನಲ್ಲಿ ಉಳಿಯುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಹೋಸ್ಟ್ ಫ್ಯಾಮಿಲಿ ಎಂಬ ಪದ ಬರುವ ಎಷ್ಟೋ ಮುಂಚೆ ಕನ್ನಡ ನಾಡಿನಲ್ಲಿ ವಾರಾನ್ನವಿತ್ತು. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಪುಣೆಯಲ್ಲಿರುವ ಓದುಗರಿಗೆ ಅಲ್ಲಿನ ‘ಮಾಧುಕರಿ’ ಎಂಬ ಮಾತು ಕಿವಿಗೆ ಬಿದ್ದಿರುತ್ತದೆ, ಅದೇ ಬಳಗದ್ದು. ಕನ್ನಡದ ಆತ್ಮಕಥೆಗಳಲ್ಲಿ ವಾರಾನ್ನದ ಹುಡುಗ ಮತ್ತೆ ಮತ್ತೆ ಎದುರಾಗುತ್ತಾನೆ, ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯಲ್ಲೂ ವಾರಾನ್ನ, ಭಿಕ್ಷಾನ್ನಗಳ ದಿನಗಳಿವೆ. ಇಂಥ ಬದುಕಿನ ಬಗ್ಗೆ ಬರೆದವರು ಸಾಮಾನ್ಯವಾಗಿ ‘ಮನೆಮಗನ ಹಾಗೆ’ ಎಂದು ಅಲ್ಲಿಗೇ ನಿಲ್ಲುವುದಿಲ್ಲ. ಯಾವ ಮನೆಯಲ್ಲಿ ಬಿಸಿ ಅನ್ನ, ಯಾವ ಮನೆಯಲ್ಲಿ ತಂಗಳು, ಯಾರ ಮನೆಯಲ್ಲಿ ಎರಡನೆಯ ಸಲ ಬಡಿಸುತ್ತಿದ್ದರು, ಯಾವ ವಾರ ತಪ್ಪಿದರೆ ಹಸಿವೇ ಗತಿ ಎಂಬುದು ಅವರಿಗೆ ಐವತ್ತು ವರ್ಷದ ಮೇಲೂ ನೆನಪಿರುತ್ತದೆ. ಹಸಿವು ಕಣ್ಣನ್ನು ಚುರುಕಾಗಿಸುತ್ತದೆ.

ಆದರೆ ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದು ಬಹುತೇಕ ಜಾತಿಯೊಳಗಿನ ಆತಿಥ್ಯ. ಬ್ರಾಹ್ಮಣ ಹುಡುಗನಿಗೆ ಬ್ರಾಹ್ಮಣರ ಮನೆ. ಉಳಿದವರಿಗೆ ಸಮುದಾಯದ ಹಾಸ್ಟೆಲು, ಮಠದ ದಾಸೋಹ, ಅದೂ ಇಲ್ಲದವರಿಗೆ ಓದೇ ಇಲ್ಲ. ಹುಡುಗಿಯರಿಗಂತೂ ಈ ಏರ್ಪಾಡು ಇರಲೇ ಇಲ್ಲ ಎನ್ನಬೇಕು. ಸ್ಕಾಟ್ ಹುಡುಗಿಯರು ಭಯಪಟ್ಟು ಓಡಿದರು, ಆಮೇಲೆ ಮರಳಿದರು. ನಮ್ಮಲ್ಲಿ ಓಡುವ ಪ್ರಮೇಯವೇ ಬರದಂತೆ ಹೊಸಿಲಲ್ಲೇ ಆಯ್ಕೆ ನಡೆಯುತ್ತಿತ್ತು. ಪರದೇಶದ ಮನೆಯವರು ತನ್ನ ಬಣ್ಣವನ್ನೋ ಊಟವನ್ನೋ ಹೇಗೆ ನೋಡಿದರು ಎಂದು ಬರೆಯುವ ಕನ್ನಡಿಗ, ತನ್ನ ಊರಿನ ಮನೆ ಯಾರನ್ನು ಒಳಗೆ ಕರೆಯುತ್ತಿತ್ತು ಎಂಬುದನ್ನೂ ಅದೇ ಪುಟದಲ್ಲಿ ನೆನೆದರೆ ಬರಹದ ಎತ್ತರವೇ ಬೇರೆ.

ಹೊರನಾಡಿನ ನಮಗೆ ಇದು ಹಳೆಯ ಕತೆಯೂ ಅಲ್ಲ. ತುಳುನಾಡಿನಿಂದ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹುಡುಗರ ಒಂದು ತಲೆಮಾರೇ ಇದೆ. ಊರಿನವರ ಆಸರೆಯಲ್ಲಿ, ಮಾಲೀಕರ ಸೂರಿನಡಿ ಬೆಳೆದ ಅವರಿಗೂ ‘ನೀನು ನಮ್ಮ ಮನೆಯವನ ಹಾಗೆ’ ಎಂಬ ಮಾತು ಸಿಕ್ಕಿದೆ. ಕೆಲವರಿಗೆ ಅದು ಬದುಕು ಕಟ್ಟಿಕೊಟ್ಟ ಮಾತು, ಕೆಲವರಿಗೆ ಪಗಾರ ಕೇಳದಂತೆ ಬಾಯಿ ಕಟ್ಟಿದ ಮಾತು. ಇನ್ನು ಚೆನ್ನೈ, ಹೈದರಾಬಾದ್, ದೆಹಲಿಗಳ ಪಿಜಿ. ಪೇಯಿಂಗ್ ಗೆಸ್ಟ್ ಎಂಬ ಹೆಸರನ್ನು ಬಿಡಿಸಿ ನೋಡಿ: ದುಡ್ಡು ಕೊಡುವ ಅತಿಥಿ. ಗೀಸರ್ ಎಷ್ಟು ಹೊತ್ತಿನ ತನಕ, ಮೀನು ತರಬಹುದೇ, ರಾತ್ರಿ ಎಷ್ಟು ಗಂಟೆಯೊಳಗೆ ಬರಬೇಕು ಎಂದು ಆಂಟಿ ಹೇಳುತ್ತಾರೆ. ಜ್ವರ ಬಂದಾಗ ಅದೇ ಆಂಟಿ ಗಂಜಿ ಮಾಡಿ ಕೊಡುತ್ತಾರೆ. ಪರರ ಮನೆಯಲ್ಲಿ ಇರುವ ವಿದ್ಯೆಯನ್ನು ನಾವು ಫ್ರಾಂಕ್‌ಫರ್ಟಿಗೆ ಹೋಗಿ ಹೊಸದಾಗಿ ಕಲಿಯುವುದಿಲ್ಲ. ಸಾಕಷ್ಟು ಕಲಿತೇ ಹೋಗಿರುತ್ತೇವೆ.

ಹೀಗಿದ್ದೂ ಹೊರದೇಶದ ವರ್ಷವನ್ನು ಬರೆಯಲು ಕೂತಾಗ ನಮ್ಮ ಕಣ್ಣು ಯಾಕೆ ಮಂಕಾಗುತ್ತದೆ? ಒಂದು ಕಾರಣ, ಆ ವರ್ಷಕ್ಕೆ ನಾವು ತೆತ್ತ ಬೆಲೆ. ನಮ್ಮ ಮನೆಗಳಲ್ಲಿ ಗ್ಯಾಪ್ ಇಯರ್ ಎಂಬ ಮಾತಿಲ್ಲ, ‘ಡ್ರಾಪ್’ ಎಂಬ ಮಾತಿದೆ. ಅದು ನೀಟ್ ಅಥವಾ ಜೆಇಇ ಮತ್ತೊಮ್ಮೆ ಬರೆಯಲು ಬಿಟ್ಟ ವರ್ಷ. ಅದಲ್ಲದ ಖಾಲಿ ವರ್ಷ ಎಂದರೆ ಹಾಳಾದ ವರ್ಷ. ಅಪ್ಪ ಅಮ್ಮನನ್ನು ಒಪ್ಪಿಸಿ, ಮದುವೆಯ ಮಾತನ್ನು ಮುಂದೂಡಿ, ವೀಸಾ ಕೌಂಟರಿನಲ್ಲಿ ನಾನು ಮರಳಿ ಬರುವವಳು ಎಂದು ಸಾಬೀತು ಮಾಡಿ ಹೋದವಳು, ಬಂದ ಮೇಲೆ ಆ ವರ್ಷ ಚೆನ್ನಾಗಿತ್ತು ಎಂದೇ ಹೇಳಬೇಕಾಗುತ್ತದೆ. ಬರಹ ಮನೆಯವರಿಗೆ ಒಪ್ಪಿಸುವ ವರದಿಯಾಗಿಬಿಡುತ್ತದೆ. ಎರಡನೆಯ ಕಾರಣ ಮರ್ಯಾದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ನಮ್ಮ ಮೈಯಲ್ಲೇ ಇದೆ. ಒಳ್ಳೆಯ ಮಾತು. ಆದರೆ ಉಂಡ ಮನೆಯನ್ನು ನೋಡುವುದು ಬೇರೆ, ಅದಕ್ಕೆ ಎರಡು ಬಗೆಯುವುದು ಬೇರೆ. ಶ್ರೀಮತಿ ಸ್ಕಾಟ್ ಅವರನ್ನು ಹತ್ತಿರದಿಂದ ನೋಡಿದ್ದರಿಂದ ಅವರ ಗೌರವ ಕಡಿಮೆಯಾಗಲಿಲ್ಲ.

ಇದರ ತದ್ವಿರುದ್ಧ ಜಾಡಿನ ಬರಹಗಳೂ ಈಚೆಗೆ ಬರುತ್ತಿವೆ: ಎಲ್ಲ ಶೋಷಣೆ, ಬಿಳಿಯರ ಮನೆಯಲ್ಲಿ ಕೂಲಿಯಾದೆ ಎಂಬ ಧಾಟಿ. ಅಲ್ಲೂ ಮನೆ ಕಾಣುವುದಿಲ್ಲ, ಬರೆದವರ ನೋವು ಮಾತ್ರ ಕಾಣುತ್ತದೆ. ಆತಿಥೇಯರು ಬಾಗಿಲು ಯಾಕೆ ತೆರೆದರು ಎಂಬ ಕುತೂಹಲ ಎರಡೂ ಬಗೆಯ ಬರಹಗಳಿಗೆ ಇಲ್ಲ. ಅಮೆರಿಕದಲ್ಲಿ ಶಾಲಾ ವಿನಿಮಯ ವಿದ್ಯಾರ್ಥಿಗೂ ಓ ಪೇರ್‌ಗೂ ಸಿಗುವುದು ಒಂದೇ ಜೆ-1 ವೀಸಾ. ವಿದ್ಯಾರ್ಥಿಯನ್ನು ಇಟ್ಟುಕೊಳ್ಳುವ ಮನೆಗೆ ಸಂಭಾವನೆ ಇಲ್ಲ, ತಮ್ಮ ಖರ್ಚಿನಲ್ಲೇ ಅನ್ನ ಹಾಕುತ್ತಾರೆ. ಓ ಪೇರ್ ಕರೆಸುವ ಮನೆಗೆ ಮಕ್ಕಳನ್ನು ನೋಡಿಕೊಳ್ಳುವ ಕೈ ಬೇಕು. ಒಂದು ಮನೆಯಲ್ಲಿ ಮಕ್ಕಳು ದೊಡ್ಡವರಾಗಿ ಹೋಗಿ ಕೋಣೆ ಖಾಲಿ ಬಿದ್ದಿರಬಹುದು. ಇನ್ನೊಂದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಕ್ರೆಷ್‌ನ ಫೀಸು ಕೈಗೆಟುಕದೆ ಇರಬಹುದು. ಈ ಕಾರಣಗಳು ಗೊತ್ತಾದರೆ ಅವರ ಪ್ರೀತಿ ಸುಳ್ಳಾಗುವುದಿಲ್ಲ. ಯಾವ ನೆಲದ ಮೇಲೆ ಆ ಪ್ರೀತಿ ನಿಂತಿತ್ತು ಎಂದು ತಿಳಿಯುತ್ತದೆ.

ಅತಿಥಿ ಎಂದರೆ ತಿಥಿ ಇಲ್ಲದವನು, ಯಾವಾಗ ಬರುತ್ತಾನೆಂದು ಗೊತ್ತಿಲ್ಲದವನು ಎಂದು ಹಿರಿಯರು ಪದ ಬಿಡಿಸಿ ಹೇಳುತ್ತಿದ್ದರು. ಗ್ಯಾಪ್ ಇಯರಿನ ಅತಿಥಿಗೆ ಬರುವ ತಿಥಿ, ಹೋಗುವ ತಿಥಿ ಎರಡೂ ಟಿಕೆಟ್ಟಿನಲ್ಲಿ ಅಚ್ಚಾಗಿರುತ್ತವೆ. ಎಲ್ಲರೂ ಒಳ್ಳೆಯವರಾಗಿರಲು ಅದರಿಂದ ಅನುಕೂಲವೂ ಆಗುತ್ತದೆ. ಹತ್ತು ತಿಂಗಳು ನಗುತ್ತಾ ಇರಬಹುದು, ಹನ್ನೊಂದನೆಯ ತಿಂಗಳಿನ ಕಷ್ಟ ಯಾರಿಗೂ ಬರುವುದಿಲ್ಲ. ಲೂಸಿಯ ಕತೆಗೆ ಬಲ ಬಂದದ್ದು ಅವಳಿಗೆ ಮರಳುವ ಟಿಕೆಟ್ ಇಲ್ಲದ್ದರಿಂದ. ನಮ್ಮವರ ಬರಹ ಸಪ್ಪೆಯಾಗುವುದು ಆ ಟಿಕೆಟ್ಟನ್ನು ಬರಹದಿಂದ ಮುಚ್ಚಿಡುವುದರಿಂದ. ಮರಳುವುದು ಗೊತ್ತಿದ್ದೂ ಬೆರೆತೆ, ಗೊತ್ತಿದ್ದುದರಿಂದಲೇ ಕೆಲವು ಮಾತು ಆಡಲಿಲ್ಲ ಎಂದು ಬರೆದರೆ ಅದೇ ಒಂದು ಕತೆ.

ಹಾಗಾಗಿ ಈ ವರ್ಷ ಹೊರಡುವವರಿಗೆ, ಬಂದು ಬರೆಯಲು ಕೂತವರಿಗೆ ಓದುಗನಾಗಿ ನನ್ನದೊಂದು ಕೋರಿಕೆ. ಹಿಮ ಇರಲಿ, ಚಿತ್ರಾನ್ನವೂ ಇರಲಿ. ಅದರ ಜತೆಗೆ ನಿಮ್ಮ ಕೋಣೆ ಮನೆಯ ಯಾವ ಮೂಲೆಯಲ್ಲಿತ್ತು, ನಿಮಗಿಂತ ಮುಂಚೆ ಅದರಲ್ಲಿ ಯಾರಿದ್ದರು ಎಂದು ಬರೆಯಿರಿ. ಊಟವಾದ ಮೇಲೆ ತಟ್ಟೆಗಳನ್ನು ಯಾರು ಎತ್ತುತ್ತಿದ್ದರು, ಮೊದಲ ಸಲ ‘ಇಲ್ಲ, ಇವತ್ತು ಆಗುವುದಿಲ್ಲ’ ಎಂದದ್ದು ಯಾವಾಗ, ಆಗ ಮೇಜಿನ ಸುತ್ತ ಮುಖಗಳು ಹೇಗಿದ್ದವು ಎಂದು ಬರೆಯಿರಿ. ಮನೆಯವರು ನಿಮ್ಮ ಮುಂದೆ ಜಗಳವಾಡಲು ಶುರುಮಾಡಿದ್ದು ಎಷ್ಟನೆಯ ತಿಂಗಳಲ್ಲಿ? ಫ್ರಿಜ್ಜಿನ ಬಾಗಿಲನ್ನು ಯಾರನ್ನೂ ಕೇಳದೆ ತೆರೆದದ್ದು ಎಷ್ಟನೆಯ ದಿನ? ಇಷ್ಟು ಬರೆದಾದ ಮೇಲೆ ‘ಅವರು ನನ್ನನ್ನು ಮನೆಮಗಳ ಹಾಗೆ ನೋಡಿಕೊಂಡರು’ ಎಂದು ಬರೆಯಿರಿ. ಆಗ ನಾವು ಅದನ್ನು ನಂಬುತ್ತೇವೆ.